ಪೊಕ್ಕರನದಕ್ಕಿಂತ ಎರಡು ಬೆರಳು ದೊಡ್ಡದು

ಬದಿಯಡ್ಕ ಪೇಟೆಯಲ್ಲಿ ಬಾಡಿಗೆ ಕಾರು ಎಂದರೆ ವಾಸಪ್ಪನ ಕಾರು ಎಂಬ ಕಾಲವೊಂದಿತ್ತು. ಬೇರೆ ಕಾರೇ ಇಲ್ಲದ್ದರಿಂದ ಹಾಗೆ ತಿಳಿಯುವುದು ಯಾರಿಗೂ ಕಷ್ಟವಾಗಿರಲಿಲ್ಲ. ವಾಸಪ್ಪ ಮಾತ್ರ ಅದನ್ನು ತನ್ನ ಯೋಗ್ಯತೆಗೆ ಸಂದ ಗೌರವವೆಂದು ಭಾವಿಸಿದ್ದ. ಕೊಡಗಿನ ಕಾಫಿ ದೊರೆಯೊಬ್ಬ ಮಾರಿದ ಆ ಕಾರು ಮೂರು ಕೈ ದಾಟಿ ಅವನಲ್ಲಿಗೆ ಬಂದಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾಗ ಅದರ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸಿದ ಧೀರ ಅವನು. ಖಾಕಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ಬಾಗಿಲು ತೆರೆದು, "ಕೂತ್ಕೊಳ್ಳಿ" ಎಂದು ಅವನು ಹೇಳುವ ಗತ್ತಿಗೆ, ಬಾಡಿಗೆ ಕೊಡುವವರೇ ಕೈಮುಗಿದು ಒಳಗೆ ಹೋಗುತ್ತಿದ್ದರು.

ಆ ಕಾರಿನ ಮುಂದಿನ ಗಾಜಿನ ಮೇಲ್ಗಡೆ ನಡುವಿನಲ್ಲಿ ಒಂದು ಕಬ್ಬಿಣದ ಕಡ್ಡಿ ಇಳಿಬಿದ್ದಿತ್ತು. ಅದರ ತುದಿಗೆ ಒಂದು ಕಾಲದಲ್ಲಿ ಹಿಂದಿನ ರಸ್ತೆ ಕಾಣುವ ಕನ್ನಡಿ ಇತ್ತು. ಯುದ್ಧ ಮುಗಿದ ವರ್ಷ ಅಡಿಕೆ ವ್ಯಾಪಾರಿಯೊಬ್ಬರು ಕೊಡೆಯ ತುದಿಯಿಂದ ದಾರಿ ತೋರಿಸಲು ಹೋಗಿ ಅದನ್ನು ಒಡೆದರು. ವಾಸಪ್ಪ ಹೊಸದು ಹಾಕಿಸಲಿಲ್ಲ.

"ನನ್ನ ಹಿಂದೆ ಬರುವವರು ಯಾರಿದ್ದಾರೆ, ನೋಡ್ಲಿಕ್ಕೆ?" ಎನ್ನುತ್ತಿದ್ದ. ಬಸ್ಸು ಬರುವ ಹೊತ್ತು ಅವನಿಗೆ ಬಾಯಿಪಾಠ. ಎತ್ತಿನ ಗಾಡಿಗಳು ಬಂದು ತಲುಪುವಾಗ ಅವನ ಊಟ ಮುಗಿದು ಕೈ ಒಣಗಿರುತ್ತಿತ್ತು. ಹಾಗಾಗಿ ಕಡ್ಡಿಗೆ ತನ್ನ ಟೊಪ್ಪಿ ತೂಗುಹಾಕಿಕೊಂಡು ಏಳು ವರ್ಷ ಸುಖವಾಗಿ ಕಳೆದ.

ಐವತ್ತೆರಡರ ಮಳೆಗಾಲ ಕಳೆದ ಮೇಲೆ ಕುಂಬಳೆ ಕಡೆಯ ಪೊಕ್ಕರ್ ಒಂದು ಕಪ್ಪು ಕಾರು ತಂದು ವಾಸಪ್ಪನ ಕಾರಿನ ಪಕ್ಕದಲ್ಲೇ ನಿಲ್ಲಿಸಿದ. ಬ್ಯಾರಿ ಮುಸಲ್ಮಾನ, ಒಣಮೀನಿನ ವ್ಯಾಪಾರ ಬಿಟ್ಟು ಕಾರಿನ ಕಸುಬಿಗೆ ಬಂದವನು. ಕಾರಿನಿಂದ ಇಳಿದವನೇ, "ವಾಸಪ್ಪಣ್ಣ, ನೀವು ದೊಡ್ಡವರು. ನಿಮ್ಮ ನೆರಳಲ್ಲಿ ನನಗೂ ಒಂದಿಷ್ಟು ಜಾಗ" ಎಂದು ನಕ್ಕ. ಆ ನಗುವೇ ವಾಸಪ್ಪನಿಗೆ ಆಗಲಿಲ್ಲ. ಬೈಯುವವನಾದರೆ ತಿರುಗಿ ಬೈಯಬಹುದಿತ್ತು, ನಗುವವನನ್ನು ಏನು ಮಾಡುವುದು?

ಮರುದಿನದಿಂದ ಪೊಕ್ಕರನ ಯಾವ ವಸ್ತುವೂ ಅವನ ಕಣ್ಣಿಗೆ ಬೀಳದೆ ಉಳಿಯಲಿಲ್ಲ. ಪೊಕ್ಕರನ ಹಾರ್ನು ಮೆತ್ತಗೆ ಕೂಗುತ್ತದೆ. ಅವನ ಸೀಟಿಗೆ ಅತ್ತರಿನ ವಾಸನೆ ಉಂಟು. ಎಲ್ಲಕ್ಕಿಂತ ಮೇಲೆ, ಅವನ ಮುಂಗಾಜಿನ ನೆತ್ತಿಯಲ್ಲಿ ಫಳಫಳ ಹೊಳೆಯುವ ಕನ್ನಡಿ. ಹೆಂಗಸರು ಇಳಿಯುವ ಮೊದಲು ಪೊಕ್ಕರ್ ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ವಾಲಿಸುತ್ತಾನೆ, ಅವರು ಮುಡಿ ಸರಿಮಾಡಿಕೊಳ್ಳುತ್ತಾರೆ. ಶಾಲೆಯ ಹೆಡ್ ಮಾಸ್ಟರರ ಹೆಂಡತಿ ಪರಮೇಶ್ವರಿ ಅಮ್ಮ ವಾಸಪ್ಪನ ಕಾರು ಖಾಲಿ ನಿಂತಿದ್ದರೂ ಅರ್ಧ ಗಂಟೆ ಕಾದು ಪೊಕ್ಕರನ ಕಾರಿನಲ್ಲೇ ಮಧೂರಿಗೆ ಹೋದರು. ಆ ದಿನ ವಾಸಪ್ಪ ಮಧ್ಯಾಹ್ನದ ಗಂಜಿ ಬಿಟ್ಟ.

ಹೀಗಿರುವಾಗ ಚೆನ್ನಪ್ಪ ರೈಗಳ ಮಗಳು ದಮಯಂತಿಯ ಮದುವೆ ಬಂತು. ಗಂಡು ಪುತ್ತಿಗೆಯವನು, ಮದುವೆ ಅವನ ಮನೆಯಲ್ಲೇ. ರೈಗಳು ಎರಡೂ ಕಾರು ಗೊತ್ತುಮಾಡಿದರು. ಮದುಮಗಳು ಯಾವುದರಲ್ಲಿ? ಊರಿನಲ್ಲಿ ಈವರೆಗೆ ಕಾರಿನಲ್ಲಿ ಹೋದ ಮದುಮಗಳಂದಿರನ್ನೆಲ್ಲ ಕರೆದೊಯ್ದವನು ವಾಸಪ್ಪ. ಅವನು ರೈಗಳ ಅಂಗಳದಲ್ಲಿ ಟೊಪ್ಪಿ ತೆಗೆದು ನಿಂತ. ಉತ್ತರ ಕೊಟ್ಟದ್ದು ಮಾತ್ರ ರೈಗಳಲ್ಲ, ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವರ ಅತ್ತೆ ಅಕ್ಕು.

"ನಿನ್ನ ಕಾರಲ್ಲಿ ಕನ್ನಡಿ ಉಂಟಾ ವಾಸಪ್ಪ?"

"ಕನ್ನಡಿ ಎಂತಕೆ ಅಜ್ಜಿ? ಕಾರು ಓಡುದು ಚಕ್ರದಲ್ಲಿ."

"ಓಡಿ ಓಡಿ ಹುಡುಗಿಯ ಮುಡಿ ಕೆಡ್ತದೆ. ಗಂಡಿನವರ ಎದುರು ಇಳಿಯುವಾಗ ಅವಳು ನಿನ್ನ ಟೊಪ್ಪಿ ನೋಡಿ ಹೂ ಸರಿಮಾಡುದಾ? ಆದಿತ್ಯವಾರದೊಳಗೆ ಕನ್ನಡಿ ಹಾಕಿದ್ರೆ ನೀನು. ಇಲ್ಲದಿದ್ರೆ ಬ್ಯಾರಿ."

ಅಂದು ಮಂಗಳವಾರ. ವಾಸಪ್ಪ ಕಾಸರಗೋಡಿಗೆ ಹೋಗಿ ಕಾರಿನ ಸಾಮಾನು ಮಾರುವವನನ್ನು ಕೇಳಿದ. ಮಂಗಳೂರಿನಿಂದ ತರಿಸಲು ಎರಡು ವಾರ ಬೇಕು ಎಂದ ಅವನು. ವಾಪಸು ಬಂದವನ ಮುಖ ನೋಡಿ ಪೊಕ್ಕರ್, "ಎಂತ ವಾಸಪ್ಪಣ್ಣ, ಕನ್ನಡಿಯಾ? ನನ್ನ ಭಾವ ಮಂಗಳೂರಲ್ಲಿ ಗ್ಯಾರೇಜಿನಲ್ಲಿ ಇದ್ದಾನೆ. ನಾಳೆ ಬಸ್ಸಿಗೆ ಕೊಟ್ಟು ಕಳಿಸಲಿಕ್ಕೆ ಹೇಳ್ತೇನೆ" ಎಂದ.

"ನಾನು ಆಗ್ಲೇ ಆರ್ಡರು ಕೊಟ್ಟಾಗಿದೆ" ಎಂದ ವಾಸಪ್ಪ. ಪೊಕ್ಕರನ ಭಾವನ ಕನ್ನಡಿ ಹಾಕಿಕೊಂಡು ಪೊಕ್ಕರನನ್ನು ಗೆಲ್ಲುವುದು ಹೇಗೆ?

ಶುಕ್ರವಾರ ಪೊಕ್ಕರ್ ನಮಾಜಿಗೆ ಹೋದ ಹೊತ್ತು ನೋಡಿ ವಾಸಪ್ಪ ಅವನ ಕಾರಿನೊಳಗೆ ಕೈಹಾಕಿ ಅಳೆದ. ಸರಿಯಾಗಿ ಒಂದು ಗೇಣು. ಸಂಜೆ ದೇವರ ಪಟಗಳಿಗೆ ಕಟ್ಟು ಹಾಕುವ ಕುಂಞನ ಅಂಗಡಿಗೆ ಹೋಗಿ, "ಒಂದು ಗೇಣು, ಎರಡು ಬೆರಳು" ಎಂದ.

"ಎತ್ತರ?"

ಎತ್ತರ ಅಳೆಯಲು ಮರೆತಿದ್ದ. ಕಡಿಮೆ ಬೀಳಬಾರದಲ್ಲ, "ಅದೂ ಅಷ್ಟೇ ಇರಲಿ" ಎಂದ.

ಕುಂಞ ಗಾಜು ಕೊಯ್ಯುವುದನ್ನು ನಿಲ್ಲಿಸಿದ. "ಇದು ಕಾರಿಗಾ, ಕ್ಷೌರದ ಅಂಗಡಿಗಾ ಮಾರಾಯ?"

ಹಲಸಿನ ಮರದ ಕಟ್ಟು ಹಾಕಿ, ಆಚಾರಿಯಿಂದ ಕಬ್ಬಿಣದ ಪಟ್ಟಿ ಹೊಡೆಸಿ, ಎರಡು ಬೋಲ್ಟಿನಲ್ಲಿ ಕಡ್ಡಿಗೆ ಬಿಗಿದಾಗ ಕನ್ನಡಿ ಮುಂಗಾಜಿನ ಕಾಲು ಭಾಗವನ್ನು ನುಂಗಿತು. ಎದುರಿನ ರಸ್ತೆ ಕಾಣಬೇಕಾದರೆ ವಾಸಪ್ಪ ಕತ್ತು ತಗ್ಗಿಸಬೇಕಿತ್ತು. ಹೆಂಡತಿ ಕಮಲ ಅಂಗಳದಿಂದಲೇ ನೋಡಿ, "ಮುಂದೆ ಕಾಣದ್ದು ಹೋಗಲಿ, ಹಿಂದೆ ನೋಡಿ ನಿಮಗೆ ಎಂತ ಸಿಗ್ತದೆ?" ಎಂದಳು. ಹೆಂಗಸರಿಗೆ ಕಾರಿನ ವಿಷಯ ತಿಳಿಯದು ಎಂದು ಅವನು ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದ.

ಆದಿತ್ಯವಾರ, ಮದುವೆಯ ದಿನ ಬೆಳಿಗ್ಗೆ ಅಕ್ಕು ಅಜ್ಜಿ ಕನ್ನಡಿಯಲ್ಲಿ ಮೊದಲು ತನ್ನ ಮುಖ, ಮತ್ತೆ ಮೊಮ್ಮಗಳ ಮುಖ ನೋಡಿ ಒಪ್ಪಿದಳು. ಮದುಮಗಳೂ ಅಜ್ಜಿಯೂ ವಾಸಪ್ಪನ ಕಾರಿನಲ್ಲಿ ಮುಂದೆ. ಮದುಮಗಳ ಸೋದರಮಾವ ಹರಿನಾಥ ಆಳ್ವರೂ ಮೂವರು ನೆಂಟರೂ ಪೊಕ್ಕರನ ಕಾರಿನಲ್ಲಿ ಹಿಂದೆ. ಉಳಿದವರು ಬಸ್ಸಿನಲ್ಲಿ ಮೊದಲೇ ಹೋಗಿದ್ದರು. ವಾಸಪ್ಪ ಪೇಟೆಯ ನಡುವೆ ಬೇಕಿಲ್ಲದಿದ್ದರೂ ಮೂರು ಸಲ ಹಾರ್ನು ಹೊಡೆದ.

ಸುಖ ನೀರ್ಚಾಲಿನವರೆಗೆ ಮಾತ್ರ ಇತ್ತು. ಕನ್ನಡಿಯ ತುಂಬ ಪೊಕ್ಕರ್! ಪೊಕ್ಕರ್ ಬಾಯಿ ಆಡಿಸುತ್ತಿದ್ದಾನೆ. ಆಳ್ವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಯಾರ ಬಗ್ಗೆ? ಇನ್ಯಾರ ಬಗ್ಗೆ! ಕೇಳಿಸೀತೇ ಎಂದು ವಾಸಪ್ಪ ನಿಧಾನ ಮಾಡಿದ. ಪೊಕ್ಕರನೂ ಮರ್ಯಾದೆಯಿಂದ ನಿಧಾನ ಮಾಡಿದ, ಹಾರ್ನು ಕೂಡ ಹೊಡೆಯಲಿಲ್ಲ. ಹೊಡೆಯದ್ದು ತಾತ್ಸಾರದಿಂದಲೇ ಎಂದು ವಾಸಪ್ಪನಿಗೆ ಖಚಿತವಾಯಿತು. ಧೂಳು ತಿನ್ನಿಸುವ ಎಂದು ಜೋರಾಗಿ ಬಿಟ್ಟ. ಒಂದು ತಿರುವು ಕಳೆದು ನೋಡಿದರೆ ಕನ್ನಡಿಯಲ್ಲಿ ಬರೇ ಧೂಳು. ಧೂಳು ಇಳಿಯಿತು. ಪೊಕ್ಕರ್ ಇಲ್ಲ.

ವಾಸಪ್ಪ ಬ್ರೇಕು ಒತ್ತಿದ. ಇಲ್ಲಿ ಎಡಕ್ಕೆ ಒಂದು ಗಾಡಿದಾರಿ ಉಂಟಲ್ಲ! ಅದರಲ್ಲಿ ನುಗ್ಗಿ ಪೊಕ್ಕರ್ ಮೊದಲು ಪುತ್ತಿಗೆ ತಲುಪಿದರೆ? ಗಂಡಿನವರ ಪನ್ನೀರು, ಉಪಚಾರ ಎಲ್ಲ ಅವನಿಗೆ. ತಾನು ಮದುಮಗಳನ್ನು ಹೊತ್ತು ಎರಡನೆಯವನಾಗಿ ಹೋಗಬೇಕೆ? ಅವನಿಗೆ ಹಿಂದೆ ಹೋಗಿ ನೋಡದೆ ಇರಲಾಗಲಿಲ್ಲ. ಸ್ಟಿಯರಿಂಗ್ ಗರಗರ ತಿರುಗಿಸಿದ.

"ಎಂತದು ಮಾಡುದು ನೀನು!" ಅಜ್ಜಿ ಕಿರುಚಿದಳು. "ದಿಬ್ಬಣ ಹೊರಟದ್ದು ಹಿಂದೆ ತಿರುಗುದುಂಟಾ? ಮದುಮಗಳ ಮುಖವನ್ನು ತವರಿಗೆ ತಿರುಗಿಸ್ತೀಯಾ?"

"ಒಂದು ನಿಮಿಷ ಅಜ್ಜಿ, ಬ್ಯಾರಿ ಎಲ್ಲಿ ಹೋದ ಅಂತ..."

"ಬ್ಯಾರಿ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ಮದುವೆ ಅವನಿಗಾ?" ಅಜ್ಜಿ ಅವನ ಕೋಟಿನ ಕಾಲರು ಹಿಡಿದು ಜಗ್ಗಿದಳು. ವಾಸಪ್ಪನ ಕಾಲು ತಪ್ಪಿತು. ಕಾರು ಹಿಂದಕ್ಕೆ ಸರಿದು, ರಸ್ತೆಗೆ ಅಡ್ಡವಾಗಿ, ಹಿಂದಿನ ಒಂದು ಚಕ್ರವನ್ನು ಚರಂಡಿಗೆ ಇಳಿಸಿ ನಿಂತಿತು.

ಅಷ್ಟರಲ್ಲಿ ಪೊಕ್ಕರ್ ಬಂದ, ಅದೇ ರಸ್ತೆಯಲ್ಲಿ. ಆಳ್ವರಿಗೆ ನಕ್ಕು ನಕ್ಕು ವಾಂತಿ ಬಂದು ಕಾರು ನಿಲ್ಲಿಸಬೇಕಾಗಿತ್ತಂತೆ. ನಗಿಸಿದ್ದು ಮೀನಿನ ವ್ಯಾಪಾರದ ಒಂದು ಕಥೆ, ಅದರಲ್ಲಿ ವಾಸಪ್ಪನ ಹೆಸರೂ ಇರಲಿಲ್ಲ. ಅಜ್ಜಿ ಮೊಮ್ಮಗಳ ಕೈ ಹಿಡಿದು ಇಳಿದು, "ಮುಹೂರ್ತ ಮೀರ್ತದೆ. ಪೊಕ್ಕರೇ, ನೀವು ಕಾರು ಬಿಡಿ" ಎಂದಳು. ಸ್ವಲ್ಪ ಹೊತ್ತಿಗೆ ಮುಂಚೆ 'ಬ್ಯಾರಿ' ಆಗಿದ್ದವನು ಈಗ 'ಪೊಕ್ಕರೇ' ಆಗಿದ್ದ. ವಾಸಪ್ಪ ಅದನ್ನೂ ಗಮನಿಸಿದ.

ಆಳ್ವರು, "ನನಗೆ ಇನ್ನೂ ನೆಟ್ಟಗಾಗಲಿಲ್ಲ, ನೀವು ನಡೀರಿ" ಎಂದು ಮೈಲುಕಲ್ಲಿನ ಮೇಲೆ ಕುಳಿತರು. ಪೊಕ್ಕರ್ ಮದುಮಗಳನ್ನೂ ಅಜ್ಜಿಯನ್ನೂ ಕರೆದುಕೊಂಡು ಹೋದ ಮೇಲೆ ಮೂವರು ನೆಂಟರು ಹೊಸ ಪಂಚೆ ಮೇಲೆ ಕಟ್ಟಿ ವಾಸಪ್ಪನ ಕಾರನ್ನು ನೂಕಿದರು. ಚಕ್ರ ಮೇಲೆ ಬರುವಾಗ ಮುಕ್ಕಾಲು ಗಂಟೆ ದಾಟಿತ್ತು.

ಎಲ್ಲ ಮುಗಿದಿರುತ್ತದೆ ಎಂದೇ ವಾಸಪ್ಪ ಆಳ್ವರನ್ನೂ ನೆಂಟರನ್ನೂ ಹತ್ತಿಸಿಕೊಂಡು ಪುತ್ತಿಗೆಗೆ ತಲುಪಿದ. ಮುಗಿದಿರಲಿಲ್ಲ. ಸೋದರಮಾವ ಕೈಹಿಡಿದು ಇಳಿಸದೆ ಮದುಮಗಳು ಗಂಡಿನ ಮನೆಯ ಅಂಗಳಕ್ಕೆ ಕಾಲಿಡುವಂತಿಲ್ಲ. ಅದು ಗಂಡಿನ ಮನೆತನದ ಕ್ರಮ, ಅಜ್ಜಿಗೆ ತಿಳಿದದ್ದು ಅಲ್ಲಿಗೆ ತಲುಪಿದ ಮೇಲೆ. ಮದುಮಗಳು ಪೊಕ್ಕರನ ಕಾರಿನಲ್ಲೇ ಬೆವರುತ್ತ ಕುಳಿತಿದ್ದಳು. ವಾಸಪ್ಪನ ಕಾರು ಕಂಡದ್ದೇ ವಾದ್ಯದವರು ಊದತೊಡಗಿದರು, ಗಂಡಿನವರು ಪನ್ನೀರು ಹಿಡಿದು ಓಡಿಬಂದರು. ಆಳ್ವರಿಗೆ ಎರಚಿದ್ದರಲ್ಲಿ ಅರ್ಧ ವಾಸಪ್ಪನ ಕೋಟಿನ ಮೇಲೂ ಬಿತ್ತು.

"ಅಂತೂ ದೊಡ್ಡ ಜನವನ್ನು ತಂದದ್ದು ನೀನೇ, ಹೋಗು" ಎಂದಳು ಅಜ್ಜಿ, ಅರ್ಧ ಸಿಟ್ಟಿನಲ್ಲಿ.

ವಾಸಪ್ಪ ಎದೆಯುಬ್ಬಿಸಿ ಪೊಕ್ಕರನ ಕಡೆ ನೋಡಿದ. ಪೊಕ್ಕರ್ ಮಾವಿನ ಮರದಡಿ ಕುಳಿತು, "ಬನ್ನಿ ವಾಸಪ್ಪಣ್ಣ" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಕಾದದ್ದಕ್ಕೆ ಗಂಡಿನವರು ಅವನಿಗೆ ಎಳನೀರು ಕೊಟ್ಟಿದ್ದರು. ಕಾಲ ಬುಡದಲ್ಲಿ ಕುಡಿದು ಬಿಸಾಡಿದ ಬೊಂಡದ ಚಿಪ್ಪು ಬಿದ್ದಿತ್ತು. ಒಂದಲ್ಲ, ಎರಡು.

ವಾಸಪ್ಪನಿಗೂ ಒಂದು ಬಂತು. ಅವನು ಅದನ್ನು ಒಂದೇ ಉಸಿರಿಗೆ ಮುಗಿಸಿ, ಬೊಂಡ ಕೆತ್ತುವವನ ಕೈಯನ್ನೇ ನೋಡುತ್ತ ಕುಳಿತ.