ಊಟದ ಮನೆಯ ಅಕ್ಕ

ಮೊನ್ನೆ ನಂಜನಗೂಡಿನಲ್ಲಿ ಗಾಡಿಗೆ ಪಂಕ್ಚರ್ ಹಾಕಿಸಲು ನಿಂತಿದ್ದೆ. ಪಕ್ಕದ ಛತ್ರದ ಹಿತ್ತಲಲ್ಲಿ ಯಾರದೋ ಮದುವೆಗೆ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಹಸಿ ಜಾಲಿ ಸೌದೆ ಇರಬೇಕು, ಉರಿಯದೆ ಬರೀ ಹೊಗೆಯಾಡುತ್ತಿತ್ತು. ಆ ಹೊಗೆ ಗೋಡೆ ದಾಟಿ ಬಂದು ಗಂಟಲಿಗೆ ತಾಗಿದ್ದೇ ತಡ, ಅಕ್ಕನ ಕೆಮ್ಮು ಕೇಳಿಸಿದಂತಾಯಿತು... ಪಂಕ್ಚರ್ ಹಾಕುವವನು ಏನೋ ಕೇಳುತ್ತಿದ್ದ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನನ್ನೂರು ಹುಲ್ಲಹಳ್ಳಿ, ಅವಳದು ತಲಕಾಡಿನ ಕಡೆ ಹೆಮ್ಮಿಗೆ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರು. ಕೆಲವು ವರ್ಷ ನಾನು ಮೈಸೂರಿನ ಒಬ್ಬ ಗೈಡ್ ಸಾಹೇಬರ ಹತ್ತಿರ ಡ್ರೈವರ್ ಆಗಿದ್ದೆ. ಅವರದೇ ಒಂದು ಟೆಂಪೊ ಟ್ರಾವೆಲರ್. ಅದಕ್ಕೆ ಅವರೇ ಮಾಲೀಕರು, ಅವರೇ ಗೈಡು. ಬೆಳಗ್ಗೆ ಮೈಸೂರಿನ ಹೋಟೆಲುಗಳಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ಹೊರಟರೆ ಸೋಮನಾಥಪುರದ ಗುಡಿ, ನರಸೀಪುರದ ಸಂಗಮ, ಅಲ್ಲಿಂದ ತಲಕಾಡಿನ ಮರಳೊಳಗಿನ ದೇವಸ್ಥಾನಗಳು. ಆಮೇಲೆ ಒಂದು ಹಳ್ಳಿಮನೆಯಲ್ಲಿ ಊಟ, ಗದ್ದೆ ಬದುವಿನ ಮೇಲೆ ಒಂದು ಸುತ್ತು, ಸಂಜೆಗೆ ವಾಪಸ್ಸು. ಆ ಹಳ್ಳಿಮನೆಯೇ ಅಕ್ಕನ ಮನೆ.

ಸಾಹೇಬರು ಕೆಟ್ಟವರಲ್ಲ. ಮಾತು ಸೊಗಸು. ಮುರಿದ ಕಂಬವೊಂದರ ಮುಂದೆ ನಿಂತು ಮಾತಾಡಲು ಶುರು ಮಾಡಿದರೆ ಬಿಸಿಲು ಮರೆತುಹೋಗುತ್ತಿತ್ತು. ಊಟಕ್ಕೊಂದು ಮನೆ ಬೇಕೆಂದು ಅವರು ಆ ಕಡೆಯೆಲ್ಲ ಹುಡುಕಾಡಿದಾಗ ನಾನೂ ಜೊತೆಗಿದ್ದೆ. ಆರ್‌ಸಿಸಿ ಮನೆಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅಕ್ಕನದು ಹೆಂಚಿನ ಮನೆ. ಮುಂದೆ ಸಾರಿಸಿದ ಜಗಲಿ, ಪಕ್ಕದಲ್ಲಿ ಒಂದು ಹಸು, ಹುಣಸೆಮರ. ಸಾಹೇಬರು ನೋಡಿದ ಕೂಡಲೇ ಒಪ್ಪಿದರು. ಆದರೆ ಅಡುಗೆಮನೆಗೆ ಇಣುಕಿ ಮುಖ ಸಣ್ಣ ಮಾಡಿದರು.

ಒಳಗೆ ಕಡಪಾಕಲ್ಲಿನ ಕಟ್ಟೆ, ಗೋಡೆಗೆ ಬಿಳಿ ಟೈಲ್ಸು, ಹೊಗೆ ಹೀರುವ ಫ್ಯಾನು, ಗ್ಯಾಸ್ ಒಲೆ. ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಅವ್ವನಿಗಾಗಿ ಮಾಡಿಸಿಕೊಟ್ಟದ್ದು. ಚಿಕ್ಕಂದಿನಿಂದ ಸೌದೆ ಒಲೆ ಊದಿ ಊದಿ ಅಕ್ಕನಿಗೆ ಉಬ್ಬಸ ಅಂಟಿಕೊಂಡಿತ್ತು. ಹೊಗೆ ಸೋಕಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅದನ್ನೆಲ್ಲ ಅಕ್ಕ ಹೇಳಿಕೊಂಡು ಹೆಮ್ಮೆಯಿಂದ ಸ್ಟವ್ ಹಚ್ಚಿ ತೋರಿಸಿದಳು.

"ಚೆನ್ನಾಗಿದೆಯಮ್ಮ," ಅಂದರು ಸಾಹೇಬರು. "ಆದರೆ ಗೆಸ್ಟ್‌ಗಳಿಗೆ ಇದು ಬೇಡ. ಅವರ ಮನೆಯಲ್ಲೂ ಇದೇ ಇರುತ್ತೆ. ಬೆಳಗ್ಗೆ ಸಾವಿರ ವರ್ಷದ ಗುಡಿ ನೋಡಿಕೊಂಡು ಬಂದಿರ್ತಾರೆ, ಇಲ್ಲಿ ಗ್ಯಾಸ್ ಸ್ಟವ್ ತೋರಿಸೋಕಾಗುತ್ತಾ? ಹಿತ್ತಲಲ್ಲಿ ಒಂದು ಮಣ್ಣಿನ ಒಲೆ ಹಾಕಿ. ಮತ್ತೆ ಹಜಾರದಲ್ಲಿರೋ ಆ ಫೋಟೊ... ಅದನ್ನ ಒಳಗಡೆ ಎಲ್ಲಾದರೂ ಇಟ್ಟರೆ ಒಳ್ಳೇದು. ಹಳ್ಳಿಮನೆ ಥರ ಕಾಣಬೇಕಲ್ಲ."

ಅದು ಬುದ್ಧನ ಫೋಟೊ. ಅಕ್ಕನ ಮನೆಯವರು ಬೌದ್ಧರು.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ಒಲೆ ಆಕ್ತೀನಿ ಸಾ. ಅದೇನ್ ದಿನಾ ಉರಿಯಾದಲ್ವಲ್ಲ. ಫೋಟೊ ಮಾತ್ರ ತೆಗ್ಯಾಕಿಲ್ಲ. ನಮ್ಮನೆ ನೋಡಾಕೆ ತಾನೆ ಬರಾದು ಅವ್ರು? ಇದೇ ನಮ್ಮನೆ."

ಸಾಹೇಬರು ನಕ್ಕು ಆಗಲಿ ಅಂದರು. ಫೋಟೊ ಉಳಿಯಿತು, ಹಿತ್ತಲಲ್ಲಿ ಒಲೆ ಎದ್ದಿತು.

ಡಾಕ್ಟರು ಬೇಡವೆಂದ ಹೊಗೆಗೆ ಅವಳು ಅಷ್ಟು ಸುಲಭವಾಗಿ ಯಾಕೆ ಒಪ್ಪಿದಳು ಎಂಬುದು ನನಗೆ ಮೊದಲ ದಿನವೇ ಗೊತ್ತಾಯಿತು. ಪ್ರವಾಸಿಗರು ಜಗಲಿಯ ಮೇಲೆ ಸಾಲಾಗಿ ಕೂತು ಬಾಳೆಲೆಯಲ್ಲಿ ಮುದ್ದೆ, ಸೊಪ್ಪುಸಾರು, ಹುರುಳಿಕಾಳಿನ ಪಲ್ಯ ಉಣ್ಣುತ್ತಿದ್ದರು. ನಾನು ಗಾಡಿಯ ನೆರಳಲ್ಲಿ ನಿಂತಿದ್ದೆ. ಅಕ್ಕ ನನ್ನ ಹಣೆಯ ವಿಭೂತಿ ನೋಡಿದಳು, ನೆಲ ನೋಡಿದಳು.

"ಅಣ್ಣ, ನೀವ್... ನಮ್ಮನೇಲಿ ಉಣ್ತೀರಾ?"

ಹಸಿದಿದ್ದೆ. ಚಪ್ಪಲಿ ಬಿಟ್ಟು ಹೋಗಿ ಕೂತೆ. ಅಂದು ಮನೆಗೆ ಬಂದು ಇಂಥ ಕಡೆ ಉಂಡೆ ಎಂದು ಅವ್ವನಿಗೆ ಹೇಳಿದಾಗ ಅವ್ವ ನನ್ನನ್ನೊಮ್ಮೆ ನೋಡಿ, "ಸೊಪ್ಪುಸಾರು ಎಂಗಿತ್ತು?" ಎಂದು ಕೇಳಿದಳು.

ಅಕ್ಕನ ಊರಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡಿದ್ದವು, ಅವಳ ಮನೆ ಕೆಳಗಿನದರಲ್ಲಿ. ಮೇಲಿನ ಬೀದಿಯವರು ಅವಳನ್ನು ಕಳೆ ಕೀಳಲು, ಭತ್ತ ನಾಟಿಗೆ ಕರೆಯುತ್ತಿದ್ದರು. ಅವಳ ಮನೆಯಲ್ಲಿ ಒಂದು ಲೋಟ ನೀರು ಮಾತ್ರ ಕುಡಿಯುತ್ತಿರಲಿಲ್ಲ. ಈಗ ಎಲ್ಲೆಲ್ಲಿಂದಲೋ ಬಂದ ಜನ ಅವಳ ಮುಂದೆ ಎಲೆ ಹಾಕಿಕೊಂಡು ಕೂತು, ಬೆರಳು ನೆಕ್ಕಿ, ಇನ್ನೊಂದು ಸೌಟು ಬಡಿಸಿ ಎಂದು ಕೈ ಒಡ್ಡುತ್ತಿದ್ದರು. ಮೇಲಿನ ಬೀದಿಯ ಕೆಲವರು ದೂರದಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಅಕ್ಕ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಆದರೆ ಅವರಿದ್ದಾರೆಂಬುದು ಅವಳಿಗೆ ಗೊತ್ತಿರುತ್ತಿತ್ತು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆ.

ಒಂದು ಸಲ ಯಾರೋ ಗೆಸ್ಟು, ನೀವು ತಲಕಾಡಿನ ಗುಡಿ ನೋಡಿದ್ದೀರಾ ಎಂದು ಸಾಹೇಬರ ಮೂಲಕ ಕೇಳಿದರು. "ನೋಡ್ದೆ ಏನು? ಆ ಗುಡಿ ಮೇಲಿನ ಮರಳ ಮಂಕ್ರೀಲಿ ಒತ್ತು ಆಕಿವ್ನಿ," ಅಂದಳು. ಹರೆಯದಲ್ಲಿ, ಅಲ್ಲಿ ಅಗೆತ ನಡೆದಾಗ ಕೂಲಿಗೆ ಹೋಗಿದ್ದಳಂತೆ. ಸಾಹೇಬರಿಗೆ ಖುಷಿಯೋ ಖುಷಿ. ಅಂದಿನಿಂದ ಮರಳಲ್ಲಿ ನಡೆಯುವಾಗಲೇ, ಈ ಗುಡಿಯನ್ನು ಹೊರತೆಗೆದ ಕೈಗಳೇ ಇಂದು ನಿಮಗೆ ಮುದ್ದೆ ಬಡಿಸಲಿವೆ ಎಂದು ಹೇಳತೊಡಗಿದರು. ಜನ ಬಂದವರೇ ಅವಳ ಕೈಗಳ ಫೋಟೊ ತೆಗೆಯುತ್ತಿದ್ದರು. ಅಕ್ಕ ನಾಚಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಆಮೇಲೆ ತಾನೇ ಮುಂದೆ ಚಾಚುತ್ತಿದ್ದಳು.

ಮಳೆಗಾಲ ಬಂತು. ಸೌದೆ ನೆನೆಯಿತು. ಅಕ್ಕ ಬಗ್ಗಿ ಊದುಕೊಳವೆ ಊದುವುದನ್ನೇ ಗೆಸ್ಟ್‌ಗಳು ಇಷ್ಟಪಡುತ್ತಿದ್ದರು. ಹೊಗೆಯ ನಡುವೆ ಹುಣಸೆಮರದ ಕೊಂಬೆಗಳ ಸಂದಿಯಿಂದ ಬಿಸಿಲಕೋಲು ಇಳಿದರೆ ಫೋಟೊ ಚೆನ್ನಾಗಿ ಬರುತ್ತದಂತೆ. ಇನ್ನೊಮ್ಮೆ ಊದಿ, ಇನ್ನೊಮ್ಮೆ ಅನ್ನುತ್ತಿದ್ದರು. ಅಕ್ಕ ಊದುತ್ತಿದ್ದಳು. ಗಾಡಿ ಹೊರಟ ಮೇಲೆ ಕನ್ನಡಿಯಲ್ಲಿ ನೋಡಿದರೆ ಜಗಲಿ ಕಂಬ ಹಿಡಿದು ಬಗ್ಗಿ ಕೆಮ್ಮುತ್ತಿರುವುದು ಕಾಣುತ್ತಿತ್ತು...

ನಂಜನಗೂಡಿನಲ್ಲಿದ್ದ ಮಗಳು ಅವ್ವನ ಮಾತ್ರೆ, ಇನ್ಹೇಲರುಗಳನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಒಂದು ದಿನ ಆಸ್ಪತ್ರೆಯ ಗೇಟಿನ ಹತ್ತಿರ ಪೊಟ್ಟಣ ಕೊಡುತ್ತ ಕೇಳಿದಳು:

"ಅಣ್ಣ, ಔಷಧಿ ಇಷ್ಟ್ ಬೇಗ ಖಾಲಿ ಆಯ್ತಾ ಇದೆಯಲ್ಲ. ಅವ್ವ ಗ್ಯಾಸಲ್ಲೇ ತಾನೆ ಮಾಡೋದು? ಹಿತ್ಲು ಒಲೆ ಸುಮ್ನೆ ತೋರ್ಸಕ್ಕೆ ಅಂತ ಹೇಳ್ತು."

"ಇಲ್ಲ ಕಣವ್ವ. ಎಲ್ಲಾನೂ ಸೌದೆ ಒಲೇಲೇ," ಅಂದೆ.

ಅವಳು ತಿರುಗಿ ಗೇಟಿನೊಳಗೆ ನಡೆದಳು.

ಮುಂದಿನ ಸಲ ನಾವು ಹೋದಾಗ ಜನ ಹಿತ್ತಲಲ್ಲಿ ಒಲೆ ಸುತ್ತ ನಿಂತಿದ್ದರು, ಅಕ್ಕ ಮುದ್ದೆ ತೊಳಸುತ್ತಿದ್ದಳು. ಆಗ ಬಸ್ಸಿಳಿದು ಬಂದ ಮಗಳು ಬ್ಯಾಗನ್ನು ಜಗಲಿಯ ಮೇಲೆ ಎಸೆದು ನೇರ ಹಿತ್ತಲಿಗೆ ನಡೆದಳು. ಅವ್ವ ಕೆಮ್ಮುತ್ತ ಕೆಮ್ಮುತ್ತ ಮುದ್ದೆ ಕೋಲು ತಿರುವುತ್ತಿರುವುದನ್ನೂ, ಅದನ್ನು ಒಬ್ಬರು ವಿಡಿಯೊ ಮಾಡುತ್ತಿರುವುದನ್ನೂ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಸುವಿಗೆ ಇಟ್ಟಿದ್ದ ಬಕೆಟ್ಟಿನ ನೀರನ್ನು ಎತ್ತಿ ಒಲೆಯ ಮೇಲೆ ಸುರಿದುಬಿಟ್ಟಳು.

ಬುಸ್ಸೆಂದು ಬೂದಿ ಎದ್ದಿತು. ಜನ ಹಿಂದಕ್ಕೆ ಸರಿದರು.

"ಅವ್ವ ಸತ್ರೆ ನಿಮಗ್ಯಾರಿಗೂ ಏನಿಲ್ಲ ಅಲ್ವಾ ಸಾರ್?" ಎಂದು ಮಗಳು ಸಾಹೇಬರನ್ನು ಕೇಳಿದಳು. ದನಿ ಏರಿರಲಿಲ್ಲ. "ಒಳಗಡೆ ಗ್ಯಾಸಿದೆ. ಅದ್ರಲ್ಲಿ ಮಾಡಿದ್ ಊಟ ಇವ್ರಿಗೆ ಇಳಿಯಲ್ವಾ?"

ಸಾಹೇಬರು ಬಾಯಿ ತೆರೆಯುವುದರೊಳಗೆ ಅಕ್ಕ ಎದ್ದು ನಿಂತಳು. ಮುಖದ ಮೇಲೆಲ್ಲ ಬೂದಿ. ಕೋಪ ಬಂದದ್ದು ಮಗಳ ಮೇಲೆ.

"ನನ್ ಮನೇಲಿ ಉಣ್ಣಾಕ್ ಬಂದೋರ್ ಮುಂದೆ ಒಲೆಗ್ ನೀರ್ ಆಕ್ದಾ? ಇದ್ಕಾ ನಿನ್ನ ಓದಿಸ್ದೆ? ಅಲ್ಲಿ ನೋಡು, ಮ್ಯಾಗ್ಲು ಬೀದಿಯೋರ್ ನಿಂತವ್ರೆ. ಇನ್ ಅವ್ರು ನಗಕಿಲ್ವಾ?"

"ನಗ್ಲಿ ಬುಡವ್ವ! ಅವ್ರು ನೋಡ್ಲಿ ಅಂತ ಸಾಯ್ತೀಯಾ?"

ಅಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು, ಗ್ಯಾಸ್ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಎಲೆ ಹಾಕಿ ಬಡಿಸಿದಳು. ಮುಖ ತೊಳೆದುಕೊಂಡಿದ್ದಳು, ಆದರೆ ಕಿವಿಯ ಹಿಂದೆ ಬೂದಿ ಹಾಗೆಯೇ ಇತ್ತು. ಜನ ಉಂಡರು, ಚೆನ್ನಾಗಿದೆ ಎಂದೂ ಅಂದರು. ಮಗಳು ಜಗಲಿಯ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ನಾನು ಕೈ ತೊಳೆಯುವಾಗ ಅಕ್ಕ ಪಕ್ಕಕ್ಕೆ ಬಂದಳು. "ನೀನಾ ಏಳಿದ್ದು?"

"ಹೂಂ ಅಕ್ಕ."

"ಒಳ್ಳೇದೇ ಮಾಡ್ದೆ ಬುಡು..." ಅಂದಳು. ಒಳಗೆ ಹೋಗುತ್ತ, "ಆದ್ರೂ ಏಳ್ಬಾರ್ದಾಗಿತ್ತು ಕಣಣ್ಣ," ಅಂದಳು.

ಆಮೇಲೆ ಸಾಹೇಬರು ಮುಡುಕುತೊರೆ ಕಡೆ ರಸ್ತೆಯಲ್ಲಿ ಒಂದು ತೋಟದಲ್ಲಿ ಊಟಕ್ಕೆ ಏರ್ಪಾಡು ಮಾಡಿಕೊಂಡರು. ಅಲ್ಲಿ ಹೊಸದಾಗಿ ಗುಡಿಸಲು ಕಟ್ಟಿ, ಗೋಡೆಗೆ ಹಸೆ ಚಿತ್ತಾರ ಬರೆಸಿ, ಬಾಡಿಗೆಗೆ ಎತ್ತಿನಗಾಡಿ ನಿಲ್ಲಿಸಿದ್ದರು. "ಜಗಳ ನೋಡೋಕೆ ಯಾರು ಬರ್ತಾರಯ್ಯ? ಅಲ್ಲದೆ ಆಕೆಗೂ ಒಳ್ಳೇದೇ, ಹೊಗೆ ತಪ್ಪಿತು," ಅಂದರು. ಆ ಮಾತೂ ಸುಳ್ಳಲ್ಲ. ಅಕ್ಕನಿಗೆ ಫೋನ್ ಮಾಡಿ ತಿಳಿಸುತ್ತೇನೆ ಅಂದಿದ್ದರು, ತಿಳಿಸಿರಲಿಲ್ಲ.

ಮುಂದಿನ ಸಲ ಗಾಡಿ ಅವಳ ಊರಿನ ತಿರುವಿಗೆ ಬಂದಾಗ ಅಕ್ಕ ರಸ್ತೆ ಬದಿಯಲ್ಲೇ ನಿಂತಿದ್ದಳು. ನೀಟಾಗಿ ಸೀರೆ ಉಟ್ಟು, ತಲೆಗೆ ಹೂ ಮುಡಿದಿದ್ದಳು. ನಾನು ಬ್ರೇಕ್ ಹಾಕಿದೆ. ಸಾಹೇಬರು ಇಳಿದು, ಇವತ್ತು ಬೇರೆ ಕಡೆ ಇದೆಯಮ್ಮ ಅಂದರು.

"ಅಡುಗೆ ಆಗದೆ ಸಾ," ಅಂದಳು. "ಗ್ಯಾಸಲ್ಲೇ ಮಾಡಿವ್ನಿ, ಮಗಳಿಗೂ ಏಳಿವ್ನಿ. ಇವ್ರು ಫೋಟೊ ತಗೊಳ್ಳಿ ಅಂತ ಇತ್ಲು ಒಲೇಲಿ ಒಂಚೂರು ಬೆಂಕಿ ಆಕಿವ್ನಿ, ಅಷ್ಟೆ. ನಾನ್ ಊದಾಕೋಗಿಲ್ಲ."

"ಮುಂದಿನ ಸಲ ನೋಡೋಣಮ್ಮ."

ಗಾಡಿಯೊಳಗಿಂದ ಒಬ್ಬರು ಹೆಂಗಸು ಕಿಟಕಿಯಲ್ಲೇ ಅಕ್ಕನ ಫೋಟೊ ತೆಗೆದುಕೊಂಡರು. ಅಕ್ಕ ಅಭ್ಯಾಸಬಲದಿಂದ ನಕ್ಕಳು. ನಾವು ಹೊರಟೆವು.

ಆ ವಾರವೇ ನಾನು ಬೈಕಿನಲ್ಲಿ ಅವಳ ಮನೆಗೆ ಹೋದೆ. ಅಂದಿನ ಅಡುಗೆಯನ್ನು ಕೆಳಗಿನ ಬೀದಿಯ ಮನೆಮನೆಗೂ ಹಂಚಿದೆ ಅಂದಳು. "ಎಲ್ರೂ ಉಂಡ್ರು. ಆದ್ರೆ ಮ್ಯಾಗ್ಲು ಬೀದಿಯೋರು ಕೇಳಿದ್ರು ಕಣಣ್ಣ, ಏನು ನಿಮ್ ನೆಂಟ್ರು ಬರ್ಲಿಲ್ವಾ ಅಂತ." ಅಷ್ಟಾದರೂ ಆ ಕೆಲಸ ಬಿಡಲು ನನಗೆ ಇನ್ನೊಂದಿಷ್ಟು ಕಾಲ ಹಿಡಿಯಿತು.

ಹೊಗೆ ನಿಂತರೂ ಅಕ್ಕನ ಉಬ್ಬಸ ನಿಲ್ಲಲಿಲ್ಲ. ಕಬ್ಬು ಕಡಿದ ಮೇಲೆ ಗದ್ದೆಗಳಲ್ಲಿ ತರಗು ಸುಡುವ ಕಾಲಕ್ಕೆ ಮಗಳು ಅವಳನ್ನು ನಂಜನಗೂಡಿನ ತನ್ನ ಬಾಡಿಗೆ ಮನೆಗೆ ಕರೆತಂದಳು. ನಾನು ನೋಡಲು ಹೋದರೆ ಅಕ್ಕ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿರುತ್ತಿದ್ದಳು. ಎದ್ದು ಕಾಫಿ ಕಾಯಿಸಲು ಹೋಗುತ್ತಿದ್ದಳು, ಮಗಳು ಬಿಡುತ್ತಿರಲಿಲ್ಲ. "ಇಲ್ಲಿ ನನ್ಗೇನ್ ಕೆಲ್ಸಾನೇ ಇಲ್ಲ ಕಣಣ್ಣ. ಯಾರೂ ಉಣ್ಣಾಕ್ ಬರಾಕಿಲ್ಲ," ಅನ್ನುತ್ತಿದ್ದಳು. ಮಗಳು ಅದನ್ನು ಕೇಳಿಸಿಕೊಂಡರೂ ಕೇಳಿಸದವಳಂತೆ ಮಾತ್ರೆ ಬಿಡಿಸಿ ಕೊಡುತ್ತಿದ್ದಳು. ತಾಯಿ ಮಗಳ ನಡುವೆ ಪ್ರೀತಿಗೆ ಕಡಿಮೆಯಿರಲಿಲ್ಲ. ಆದರೆ ಆ ಬಕೆಟ್ ನೀರಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆಂದು ಗೊತ್ತಾಗಿ ನಾನು ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿನಲ್ಲೇ ಮಣ್ಣು ಮಾಡಿದರು. ಬುದ್ಧವಂದನೆ ಹೇಳಿದರು. ಮೇಲಿನ ಬೀದಿಯ ಇಬ್ಬರು ಹೆಂಗಸರು, ಅವಳ ಜೊತೆ ನಾಟಿ ಹಾಕಿದವರು, ಹುಣಸೆಮರದ ಹತ್ತಿರ ನಿಂತು ಅಳುತ್ತಿದ್ದರು. ಜಗಲಿಯವರೆಗೆ ಬಂದರೋ ಇಲ್ಲವೋ, ನನಗೆ ನೆನಪಿಲ್ಲ...

ಈಗ ನಾನು ಬಾಡಿಗೆಗೆ ಸ್ವಂತ ಗಾಡಿ ಓಡಿಸುತ್ತೇನೆ. ಮೊನ್ನೆ ಪಂಕ್ಚರ್ ಹಾಕಿಸಿದ ಮೇಲೆ, ಅಲ್ಲಿಂದ ಮಗಳ ಆಸ್ಪತ್ರೆ ಹತ್ತಿರವಿದ್ದುದರಿಂದ ಹೋಗಿ ಮಾತಾಡಿಸಿದೆ. ಸೊರಗಿದ್ದಾಳೆ. ಗೇಟಿನ ಹೊರಗೆ ಟೀ ಕುಡಿಯುತ್ತ ಅದೂ ಇದೂ ಮಾತಾಡಿದೆವು. ಊರಿನ ಮನೆಗೆ ಬೀಗ ಹಾಕಿದ್ದೇನೆ, ಹಸುವನ್ನು ಚಿಕ್ಕಮ್ಮನ ಮನೆಗೆ ಕೊಟ್ಟೆ ಅಂದಳು. ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ ಕೇಳಿದಳು:

"ಅಣ್ಣ, ಅವತ್ತು ನಾನ್ ನೀರ್ ಹಾಕ್ದೆ ಇದ್ದಿದ್ರೆ... ಅವ್ವ ಬೇಗನೇ ಹೋಗ್ತಿತ್ತೇನೋ. ಆದ್ರೆ ನಗ್‌ನಗ್ತಾ ಹೋಗ್ತಿತ್ತು ಅಲ್ವಾ?"

"ಗೊತ್ತಿಲ್ಲ ಕಣವ್ವ," ಅಂದೆ.

ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಹೇಳದೆ ಇದ್ದಿದ್ದರೆ ಅವಳು ಬರುತ್ತಿರಲಿಲ್ಲ ಎಂಬುದೂ ನನ್ನ ತಲೆಯಲ್ಲಿತ್ತು, ಅವಳ ತಲೆಯಲ್ಲೂ ಇತ್ತೇನೋ. ಯಾರೂ ತಪ್ಪು ಮಾಡಿರಲಿಲ್ಲ, ಆದರೂ ಅಕ್ಕನ ಕೈಯಿಂದ ಏನನ್ನೋ ಕಿತ್ತುಕೊಂಡಿದ್ದೆವು. ಒಳಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಅವಳು ಕಣ್ಣೊರೆಸಿಕೊಂಡು ಎದ್ದಳು. ಮೆಟ್ಟಿಲ ಹತ್ತಿರ ಉಸಿರಿಗಾಗಿ ಒದ್ದಾಡುತ್ತಿದ್ದ ಯಾರದೋ ತಾಯಿಯನ್ನು ಸ್ಟ್ರೆಚರಿಗೆ ಎತ್ತುತ್ತಿದ್ದರು. ಅವಳು ಓಡಿಹೋಗಿ ಆ ಮುದುಕಿಯ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡಳು.