ಗಂಗೀ ಎಂದರೆ ಓಗೊಟ್ಟವಳು

ಬಾಗಿಲಲ್ಲಿ ನನ್ನನ್ನು ಕಂಡು ಅವ್ವ, "ಬಂದ್ಯಾ ಗಂಗೀ?" ಎಂದಳು.

ನಾನು ತಿಪ್ಪವ್ವ. ಗಂಗವ್ವ ನನ್ನಕ್ಕ. ನಾನು ಹುಟ್ಟುವ ಮೊದಲೇ, ಇನ್ನೂ ಚಿಕ್ಕವಳಿದ್ದಾಗಲೇ, ಸಿಡುಬಿಗೆ ಸತ್ತವಳು.

ಅವ್ವನಿಗೆ ಜ್ವರ ಎಂದು ಕೇಳಿ ದೇವದುರ್ಗದ ಗಂಡನ ಮನೆಯಿಂದ ಮಾನ್ವಿಗೆ ಓಡಿಬಂದಿದ್ದೆ. ಅವಳ ಮೈ ಕಾದ ಹಂಚಾಗಿತ್ತು. ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಕೆಟ್ಟು ನಿಂತಲ್ಲೆಲ್ಲ ಡ್ರೈವರನನ್ನು ಬೈಯುತ್ತ ರಾಯಚೂರಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. "ಟೈಫಾಯ್ಡ್" ಎಂದರು. ಅದಕ್ಕೆ ಔಷಧ ಇಲ್ಲವಂತೆ. ಗಂಜಿ ತಿಳಿ, ಹಣೆಗೆ ಒದ್ದೆ ಬಟ್ಟೆ. ಆಮೇಲೆ ಕಾಯುವುದು. ಕಾದೆ.

ಜ್ವರ ಇಳಿಯಿತು. ಗಂಗಿ ಹೋಗಲಿಲ್ಲ.

"ಬುದ್ಧಿ ಬರ್ತದಮ್ಮ, ದೇರ್ ಆಗ್ತದ, ತಡ ಅಷ್ಟೇ" ಎಂದರು ಡಾಕ್ಟರು.

"ಬರದಿದ್ರ?"

ಅವರು ಪಕ್ಕದ ಮಂಚಕ್ಕೆ ಹೋದರು.

ಮಾನ್ವಿಗೆ ಮರಳಿದೆವು. ಚಿಕ್ಕವ್ವ ಕಿವಿಯಲ್ಲಿ ಉಸುರಿದಳು: "ಸತ್ತೋರ ಹೆಸರಿಗೆ ಓ ಅನಬ್ಯಾಡಲೇ. ಬಂದು ಕುಂತಬಿಡ್ತಾರ." ಹೇಳುವುದು ಸುಲಭ. ನಾನು ಓಗೊಡದಿದ್ದರೆ ಅವ್ವ ಗುಟುಕು ಗಂಜಿಯನ್ನೂ ಕುಡಿಯುತ್ತಿರಲಿಲ್ಲ. ಓಗೊಟ್ಟೆ.

ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುತ್ತಾರೆ. ಬೇರೆ ಹೆಂಗಸು ಎತ್ತಿಕೊಳ್ಳಬೇಕು, ಹೆತ್ತವಳು ಹಿಡಿ ನುಚ್ಚು ಕೊಟ್ಟು ಕೊಳ್ಳಬೇಕು. ಕಸದ ಕೂಸೆಂದು ಸಾವು ಅತ್ತ ಹಾಯುವುದಿಲ್ಲವಂತೆ. ನಾನು ಹಾಗೆ ಉಳಿದವಳು. ಅದಕ್ಕೇ, ಸಾವಿನ ಕಣ್ಣು ಬಿದ್ದೀತೆಂದು, ಅವ್ವ ನನ್ನನ್ನು ಒಮ್ಮೆಯೂ ಮುದ್ದು ಮಾಡಲಿಲ್ಲ. ಹುಟ್ಟಿದಂದಿನಿಂದ ಬರೀ ಬೈಗುಳ. ಈಗ, ಎರಡು ಮಕ್ಕಳ ತಾಯಿಯಾದ ನನ್ನನ್ನು ಕೂರಿಸಿಕೊಂಡು ತಲೆ ಬಾಚಿದಳು, ಮೊದಲ ತುತ್ತು ನನ್ನ ಬಾಯಿಗಿಟ್ಟಳು, "ನನ್ನ ಬಂಗಾರ" ಎಂದಳು. ಸುಳ್ಳೇಕೆ ಹೇಳಲಿ, ಆ ಅಕ್ಕರೆ ರುಚಿ ಹತ್ತಿತು. ಅಕ್ಕನ ಪಾಲು ತಿನ್ನುತ್ತಿದ್ದೇನೆ ಎಂದು ಹೆದರಿಕೆಯೂ ಆಗುತ್ತಿತ್ತು. ಬಾಚಣಿಗೆ ನೆತ್ತಿಗೆ ತಾಗಿದಾಗಲೆಲ್ಲ ನನ್ನ ಹಿಂದೆ ಇನ್ನೊಬ್ಬಳು ಕೂತಂತೆ ಅನಿಸುತ್ತಿತ್ತು.

ಒಂದು ದಿನ ಬಾವಿಯ ಹತ್ತಿರ ಯಾರೋ "ತಿಪ್ಪವ್ವಾ" ಎಂದು ಕೂಗಿದರು.

ನಾನು ತಿರುಗಲಿಲ್ಲ.

ಪಕ್ಕದ ಮನೆಯ ಖಾಜಾಬಿ ಬಂದು ಭುಜ ಹಿಡಿದು ಅಲುಗಿಸಿದಳು. "ಯಾ ಅಲ್ಲಾ, ಎಷ್ಟು ಕೂಗ್ಲಿ?" ನಾನು ಅಲ್ಲೇ ಕುಸಿದು ಕೂತು ಅತ್ತೆ. ಎಲ್ಲ ಕೇಳಿ ಅವಳು ಅಂದಳು: "ಕಳದಿದ್ದು ತಿರುಗಿ ಕೊಡಾವ ಆ ಮ್ಯಾಲಿನವನೇ. ಆದ್ರ ನಿನ್ನ ಹೆಸರು ಹೇಳಿ ಕೇಳವ್ವ. ಯಾರು ಕೇಳಾಕತ್ತಾರ ಅಂತ ಅವನಿಗೂ ತಿಳಿಬೇಕಲ್ಲ?"

ಹನುಮಪ್ಪನ ಗುಡಿಗೆ ಹೋಗಿ ಬಾಯಿಬಿಟ್ಟು ಕೇಳಿದೆ. "ನಾ ತಿಪ್ಪವ್ವ. ನಮ್ಮವ್ವಗ ನನ್ನ ಗುರುತು ಕೊಡಪ್ಪ." ದಿನಾ ಹೋದೆ. ಪೂಜಾರಿಗೇ ಬೇಸರ ಬಂತು, ನಾನು ಬಿಡಲಿಲ್ಲ.

ಒಂದು ಮುಂಜಾನೆ ಅವ್ವ ಗಂಜಿಯನ್ನು ಥೂ ಎಂದು ಉಗುಳಿದಳು.

"ಉಪ್ಪೇನ್ ಸುರುವೀಯಲೇ ತಿಪ್ಪೀ? ನಿನ್ನ ಕೈಗೇನ್ ಹಾವು ಕಡದದ?"

ಅಯ್ಯೋ, ಆ ಬೈಗುಳ! ನಗುತ್ತ ಅಳುತ್ತ ಅವಳ ಕಾಲು ಹಿಡಿದುಕೊಂಡೆ. ಅವ್ವ ಸುತ್ತ ನೋಡಿದಳು.

"ಇಲ್ಲೇ ಇದ್ಲಲ್ಲ. ಗಂಗಿ ಎಲ್ಲಿ?"

ನನ್ನ ಮುಖ ನೋಡುತ್ತ ನೋಡುತ್ತ ಅವಳಿಗೇ ನೆನಪಾಯಿತು. ಎದೆ ಎದೆ ಬಡಿದುಕೊಂಡಳು. ಮಗಳು ಈಗಷ್ಟೇ ಸತ್ತಳೆಂಬಂತೆ ಹೆಸರು ಹಿಡಿದು ಅತ್ತಳು. ಮನೆಯಲ್ಲಿ ಯಾರೋ ಹೋದರೆಂದು ಓಣಿಯವರೆಲ್ಲ ಓಡಿಬಂದರು. ನಾನು ಬೇಡಿದ್ದು ನನ್ನವ್ವನನ್ನು. ದೇವರು ಕೊಟ್ಟ, ಇಲ್ಲವೆನ್ನಲಾರೆ. ಕೊಡುವಾಗ ಅವಳ ಕೈಯಿಂದ ಇನ್ನೊಂದನ್ನು ತೆಗೆದುಕೊಳ್ಳುತ್ತಾನೆಂದು ನನಗೆ ಹೊಳೆದಿರಲಿಲ್ಲ.

ಸಂಜೆಗೆ ಅಳು ನಿಂತಿತು. ಅವ್ವ ನನ್ನ ಮುಂಗೈ ಹಿಡಿದಳು.

"ಆಕಿ ಬಂದು ಹೋದ್ಲು, ತಿಪ್ಪೀ. ನೀ ಇರು."

"ಇರ್ತೀನಿ ಬೇ" ಎಂದೆ.