ನನ್ನ ರಕ್ತದಲ್ಲಿ ಸೀಸ

ರಕ್ತದಲ್ಲಿರುವ ಸೀಸವನ್ನು ಅಳೆಯುವ ಯಂತ್ರ ಶಿವಮೊಗ್ಗದ ನಮ್ಮ ಲ್ಯಾಬಿಗೆ ಹೊಸದಾಗಿ ಬಂದಿತ್ತು. ಮಾಚೇನಹಳ್ಳಿಯ ಬ್ಯಾಟರಿ ಶೆಡ್ಡುಗಳ ಕೆಲಸಗಾರರ ರಕ್ತ ಪರೀಕ್ಷೆಗೆ ಬರುವುದಿತ್ತು. ಅದಕ್ಕೂ ಮೊದಲು ನಮ್ಮ ಅಳತೆ ನಂಬುವಂಥದ್ದೇ ಎಂದು ಖಾತ್ರಿಯಾಗಬೇಕು. ಸೀಸ ತಗಲದ ರಕ್ತಕ್ಕೆ ನಾವೇ ಒಂದಿಷ್ಟು ಸೀಸ ಬೆರೆಸಿ, ಬೆರೆಸಿದಷ್ಟನ್ನೇ ಯಂತ್ರ ತೋರಿಸುತ್ತದೆಯೇ ಎಂದು ನೋಡುವುದು. ಲ್ಯಾಬಿನಲ್ಲಿ ಆಯುಧಪೂಜೆ ಮುಗಿಸಿ, ವಿಜಯದಶಮಿಯ ರಜೆ ಕಳೆದ ಮೇಲೆ ಕೆಲಸ ಶುರುವಾಯಿತು. ಸೀಸ ತಗಲದ ರಕ್ತ ಯಾರದ್ದು? ದಿನವಿಡೀ ಕುರ್ಚಿ ಬಿಟ್ಟೇಳದವನು ನಾನೊಬ್ಬನೇ ಎಂದು ಎಲ್ಲರೂ ನನ್ನ ತೋಳು ನೋಡಿದರು.

ಏನೂ ಬೆರೆಸುವ ಮೊದಲೇ ನನ್ನ ರಕ್ತ ಬೇಕಾದಷ್ಟು ಸೀಸ ತೋರಿಸಿತು. ಯಂತ್ರಕ್ಕೆ ಬರೀ ನೀರು ಕೊಟ್ಟರೆ ಸೊನ್ನೆ. ಅಂದರೆ ಯಂತ್ರ ಸರಿಯಿದೆ, ಕೆಟ್ಟಿರುವುದು ನಾನು.

ಮರೆವು, ಸಿಡುಕು, ಹೊಟ್ಟೆನೋವು: ಓದಿದ ಲಕ್ಷಣಗಳೆಲ್ಲ ನನ್ನಲ್ಲಿದ್ದವು. ಮದುವೆಯಾದಾಗಿನಿಂದಲೂ ಇವೆ ಎಂದಳು ಹೆಂಡತಿ. ಕಲಾಯಿಯ ತವರಕ್ಕೆ ಸೀಸ ಬೆರೆಸುತ್ತಾರೆಂದು ಎಲ್ಲೋ ಕೇಳಿದ ನೆನಪಾಗಿ, ಭದ್ರಾವತಿಯ ಅತ್ತೆ ಕಲಾಯಿ ಹಾಕಿಸಿ ಕೊಟ್ಟಿದ್ದ ಹಿತ್ತಾಳೆ ಪಾತ್ರೆಯನ್ನು ಅಟ್ಟಕ್ಕೇರಿಸಿದೆ.

"ಇಷ್ಟು ವರ್ಷ ಅದ್ರಲ್ಲಿ ಮಾಡಿದ ಸಾರನ್ನ ಕೇಳಿ ಕೇಳಿ ಹಾಕಿಸ್ಕೊಂಡ್ರಿ. ಈಗ ನಮ್ಮಮ್ಮನ ಪಾತ್ರೆ ವಿಷ ಆಯ್ತೇನ್ರೀ?"

ವಿಷವೋ ಅಲ್ಲವೋ ನನಗೂ ಗೊತ್ತಿರಲಿಲ್ಲ.

ಮರುದಿನ ಲ್ಯಾಬಿನ ಸಹೋದ್ಯೋಗಿ, ನೀರನ್ನೂ ರಕ್ತ ತುಂಬುವ ಟ್ಯೂಬಿಗೇ ಹಾಕಿ ನೋಡೋಣ ಎಂದಳು. ಹಾಕಿದರೆ ನೀರಿಗೂ ನನ್ನದೇ ಕಾಯಿಲೆ! ಅವಳು ಟ್ಯೂಬಿನ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಒಳ ಅಂಚಿನಲ್ಲೂ ಕೆಂಪು ಪುಡಿ.

"ಸಾರ್, ಪೂಜೆ ದಿನ ಟ್ಯೂಬಿಗೂ ಕುಂಕುಮ ಇಟ್ರಾ?"

ಇಟ್ಟಿದ್ದೆ. ಯಾವುದನ್ನು ಬಿಟ್ಟರೆ ಅದೇ ಕೈಕೊಡುತ್ತದೆಂಬ ಭಯಕ್ಕೆ ಯಂತ್ರ, ಕತ್ತರಿ, ಸ್ಟ್ಯಾಂಡಿನಲ್ಲಿದ್ದ ಒಂದೊಂದು ಟ್ಯೂಬು, ಎಲ್ಲಕ್ಕೂ ಇಟ್ಟಿದ್ದೆ. ಆ ಕುಂಕುಮವನ್ನೇ ಚಿಟಿಕೆ ಕರಗಿಸಿ ಕೊಟ್ಟರೆ ಯಂತ್ರದ ಅಂಕಿ ಎಲ್ಲಿಗೋ ಏರಿತು; ಕೆಂಪು ಬಣ್ಣಕ್ಕೆಂದು ಅದರಲ್ಲಿ ಸೀಸ ಬೆರೆಸಿದ್ದರು. ಹೊಸ ಡಬ್ಬಿಯ ಟ್ಯೂಬಿನಲ್ಲಿ ಮತ್ತೆ ರಕ್ತ ಕೊಟ್ಟೆ. ಸೀಸ ಇಲ್ಲವೆನ್ನುವಷ್ಟು ಕಡಿಮೆ. ನಗುತ್ತಾ ಮನೆಗೆ ಹೊರಟವನಿಗೆ ರವೀಂದ್ರನಗರದ ತಿರುವಿನಲ್ಲಿ ನೆನಪಾಯಿತು: ಕುಂಕುಮದ ಪೊಟ್ಟಣವನ್ನು ಒಯ್ದಿದ್ದು ನಮ್ಮ ದೇವರ ಮನೆಯಿಂದ.

ಪಾತ್ರೆ ಇಳಿಸಿಕೊಟ್ಟೆ. ಹೆಂಡತಿ ಅದೇ ಕುಂಕುಮವನ್ನು ಹಣೆಗೆ ಇಟ್ಟುಕೊಂಡೇ ನಿಂತಿದ್ದಳು. ಚರ್ಮದಿಂದ ಒಳಗೆ ಹೋಗುತ್ತದೆಯೇ? ಅದೇ ಬೆರಳಲ್ಲಿ ಉಪ್ಪು ಹಾಕುತ್ತಾಳಲ್ಲ? ಎಲ್ಲಿಂದ ಹೇಳಲೆಂದು ತಿಳಿಯದೆ, ನಾಳೆ ಲ್ಯಾಬಿಗೆ ಬಂದು ಸ್ವಲ್ಪ ರಕ್ತ ಕೊಡು ಎಂದೆ.

"ನಿಮ್ಮದು ಮುಗೀತು, ಇನ್ನು ನನ್ನದಾ ಮಾರಾಯ್ರೆ?" ಎಂದು ಅವಳು ಅದೇ ಪಾತ್ರೆಯಲ್ಲಿ ಸಾರಿಗಿಟ್ಟಳು.